ನಾಲ್ಕು ಖಂಡಗಳ ಜೀವಿಗಳು, ಒಂದೇ ಗಾಜಿನ ಪೆಟ್ಟಿಗೆ

ಜಿಗಣಿಗೆ ಬರಲು ಎರಡು ದಾರಿಗಳಿವೆ. ಒಂದೋ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ತಿರುಗಬೇಕು, ಇಲ್ಲವೇ ಬನ್ನೇರುಘಟ್ಟ ದಾಟಿ ಬರಬೇಕು. ಮೊದಲ ದಾರಿಯಲ್ಲಿ ಕಾರ್ಖಾನೆಗಳ ಸಾಲು, ಗ್ರಾನೈಟ್ ಕೊಯ್ಯುವ ಘಟಕಗಳ ಬಿಳಿ ಧೂಳು. ಎರಡನೆಯ ದಾರಿಯಲ್ಲಿ ಆನೆ, ಚಿರತೆಗಳಿರುವ ಕಾಡಿನ ಅಂಚು. ದುಡಿಮೆ ಅರಸಿ ಬೇರೆ ಬೇರೆ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದಿರುವ ಕುಟುಂಬಗಳಿಗೆ ರಜಾದಿನದ ಅಗ್ಗದ ಸಂತೋಷವೆಂದರೆ ಬನ್ನೇರುಘಟ್ಟದ ಜೈವಿಕ ಉದ್ಯಾನ. ಮಕ್ಕಳು ಅಲ್ಲಿ ಹೆಬ್ಬಾವು, ಮೊಸಳೆ, ಬಣ್ಣದ ಹಕ್ಕಿಗಳನ್ನೆಲ್ಲ ನೋಡುತ್ತಾರೆ. ಬಸ್ಸಿನಲ್ಲಿ ಹಿಂದಿರುಗುವಾಗ ಬೇಡಿಕೆ ಶುರುವಾಗುತ್ತದೆ: “ಅಬ್ಬು, ನಮ್ಮ ಮನೇಲೂ ಒಂದು ಸಾಕೋಣ!”

ಹಿಂದೆ ಈ ಬೇಡಿಕೆ ಒಂದು ಜೊತೆ ಬಣ್ಣದ ಹಕ್ಕಿಯಲ್ಲೋ ಗಾಜಿನ ಬೋಗುಣಿಯ ಎರಡು ಮೀನಿನಲ್ಲೋ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಮೊಬೈಲಿನಲ್ಲಿ ಮಕ್ಕಳು ನೋಡುವ ವಿಡಿಯೋಗಳಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಹಸಿರು ಗಿಡ, ಸಣ್ಣ ಕೊಳ, ಕೊಂಬೆಯ ಮೇಲೆ ಇಗುವಾನಾ, ಕೆಳಗೆ ಆಮೆ, ಮೂಲೆಯಲ್ಲಿ ಸುರುಳಿ ಸುತ್ತಿದ ಪುಟ್ಟ ಹೆಬ್ಬಾವು. ನೋಡಲು ಸ್ವರ್ಗದ ತುಂಡೊಂದನ್ನು ತಂದಿಟ್ಟಂತೆ. ಇದಕ್ಕೆ ವೈವೇರಿಯಮ್ ಎಂದು ಹೆಸರು. ಬೆಂಗಳೂರಿನ ಐಟಿ ಕಂಪೆನಿಗಳ ಸುತ್ತಲಿನ ಫ್ಲ್ಯಾಟುಗಳಲ್ಲಿ ಶುರುವಾದ ಈ ಶೋಕಿ ನಿಧಾನವಾಗಿ ಮಧ್ಯಮ ವರ್ಗದ ಮನೆಗಳತ್ತಲೂ ಕಾಲಿಡುತ್ತಿದೆ. ಒಂದೇ ಪೆಟ್ಟಿಗೆಗೆ ಹಣ ಹಾಕಿದ ಮೇಲೆ ಅದರಲ್ಲಿ ನಾಲ್ಕೈದು ಬಗೆಯ ಜೀವಿಗಳನ್ನು ಬಿಟ್ಟರೆ ತಪ್ಪೇನು ಎಂದು ಅನೇಕರು ಕೇಳುತ್ತಾರೆ. ತಪ್ಪೇನು ಎಂಬುದನ್ನೇ ಇಲ್ಲಿ ನೋಡೋಣ.

ಪೆಟ್ಟಿಗೆ ಒಂದು, ಹವೆ ಹಲವು

ಗಾಜಿನ ಪೆಟ್ಟಿಗೆಯ ಕತೆ ಸ್ವಾರಸ್ಯಕರವಾಗಿದೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಚಿಟ್ಟೆಯ ಜಾತಿಯ ಪತಂಗವೊಂದರ ಗೂಡನ್ನು ಒದ್ದೆ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಪತಂಗ ಹೊರಬರುವುದನ್ನು ನೋಡುವುದು ಅವನ ಉದ್ದೇಶವಾಗಿತ್ತು. ಆದರೆ ಲಂಡನ್ನಿನ ಹೊಗೆಯಲ್ಲಿ ಬದುಕದೆ ಸಾಯುತ್ತಿದ್ದ ಜರಿಗಿಡ ಆ ಬಾಟಲಿಯ ಮಣ್ಣಿನಲ್ಲಿ ತಾನಾಗಿ ಚಿಗುರಿತು. ಹಗಲು ಆವಿಯಾದ ನೀರು ಗಾಜಿಗೆ ತಾಗಿ ರಾತ್ರಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಮುಂದೆ ಇದೇ ಬಗೆಯ ಪೆಟ್ಟಿಗೆಗಳಲ್ಲಿ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಿದ. ನಾವು ಕುಡಿಯುವ ಚಹಾಕ್ಕೂ ಆ ಪೆಟ್ಟಿಗೆಗೂ ಹೀಗೊಂದು ನಂಟಿದೆ.

ಗಿಡಕ್ಕೆ ಅದು ಸರಿ. ಜೀವಿಗಳ ಮಾತು ಬೇರೆ. ಹಾವು, ಹಲ್ಲಿ, ಆಮೆ, ಕಪ್ಪೆಗಳು ನಮ್ಮಂತೆ ತಮ್ಮ ಮೈಯ ಬಿಸಿಯನ್ನು ತಾವೇ ತಯಾರಿಸಿಕೊಳ್ಳುವುದಿಲ್ಲ. ಸುತ್ತಲಿನಿಂದ ಪಡೆಯುತ್ತವೆ. ಬಿಸಿ ಸಾಲದಿದ್ದರೆ ತಿಂದ ಆಹಾರವೂ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಆದ್ದರಿಂದ ಪ್ರತಿಯೊಂದಕ್ಕೂ ಅದು ಹುಟ್ಟಿ ಬೆಳೆದ ನಾಡಿನ ಹವೆಯೇ ಬೇಕು.

ವಿಡಿಯೋದಲ್ಲಿ ಕಂಡ ಜೀವಿಗಳನ್ನೇ ತೆಗೆದುಕೊಳ್ಳಿ. ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿ ಆಸ್ಟ್ರೇಲಿಯದ ಒಣ ಬಯಲಿನದು. ಬಿಸಿಲು ಕಾಯುವ ಜಾಗದಲ್ಲಿ ಅದಕ್ಕೆ 40 ಡಿಗ್ರಿಯಷ್ಟು ಬಿಸಿ ಬೇಕು, ಗಾಳಿ ಒಣಗಿರಬೇಕು. ಇಗುವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆನಾಡಿನ ಮರಗಳಲ್ಲಿ ಇರುವುದು. ಅದಕ್ಕೆ ಮರದ ಎತ್ತರವೂ ತೇವವೂ ಬೇಕು. ಅಂಗಡಿಯಲ್ಲಿ ಅಂಗೈಯಷ್ಟಿದ್ದ ಮರಿ ಕೆಲವೇ ವರ್ಷಗಳಲ್ಲಿ ಬಾಲ ಸೇರಿ ಐದು ಅಡಿ ಬೆಳೆಯುತ್ತದೆ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಚಿಕ್ಕ ಹೆಬ್ಬಾವು. ಹಗಲಿಡೀ ಬಿಲದ ಕತ್ತಲೆಯಲ್ಲಿ ಅಡಗಿ ರಾತ್ರಿ ಹೊರಬರುವ ನಾಚಿಕೆಯ ಜೀವಿ. ಕಿವಿಯ ಬಳಿ ಕೆಂಪು ಪಟ್ಟಿಯಿರುವ ಆಮೆ ಉತ್ತರ ಅಮೆರಿಕದ ಮಿಸಿಸಿಪಿ ನದಿಯ ಸುತ್ತಲಿನದು. ಅದಕ್ಕೆ ಈಜಲು ಆಳವಾದ ನೀರು ಬೇಕು. ನಾಲ್ಕು ಜೀವಿಗಳು, ನಾಲ್ಕು ಖಂಡಗಳು. ಓತಿಗೆ ಹಿತವಾಗುವಂತೆ ಪೆಟ್ಟಿಗೆಯನ್ನು ಒಣಗಿಸಿದರೆ ಇಗುವಾನಾ ಸೊರಗುತ್ತದೆ. ಆಮೆಗೆಂದು ನೀರು ತುಂಬಿದರೆ ಗಾಳಿ ತೇವವಾಗಿ ಓತಿಯ ಶ್ವಾಸಕೋಶ ಕೆಡುತ್ತದೆ. ಓತಿಗೆ ಬೇಕಾದ ಪ್ರಖರ ದೀಪವನ್ನು ಹೆಬ್ಬಾವು ಸಹಿಸದು. ಎಲ್ಲರಿಗೂ ಆಗಲೆಂದು ಮಧ್ಯದ ದಾರಿ ಹಿಡಿದರೆ ಯಾರಿಗೂ ಆಗದ ಹವೆ ಸಿದ್ಧವಾಗುತ್ತದೆ. ಅವು ತಕ್ಷಣ ಸಾಯುವುದಿಲ್ಲ ಎಂಬುದೇ ಇಲ್ಲಿನ ಮೋಸ. ತಿಂಗಳುಗಟ್ಟಲೆ ನವೆಯುತ್ತವೆ. ಮನೆಯವರು “ಚೆನ್ನಾಗಿಯೇ ಇದೆ, ಸುಮ್ಮನೆ ಕೂತಿರುತ್ತದೆ” ಎಂದುಕೊಳ್ಳುತ್ತಾರೆ.

ಜಿಗಣಿಯಂಥ ಊರಿನಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರಿನ ಸುತ್ತಲ ಎತ್ತರದ ನೆಲದಲ್ಲಿ ಡಿಸೆಂಬರ್-ಜನವರಿಯ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಶೀಟಿನ ಮಾಡಿನ ಮನೆಯಾದರೆ ಕೇಳುವುದೇ ಬೇಡ. ಬಿಸಿ ಕೊಡುವ ದೀಪ ನಿಂತಿರುವುದು ಕರೆಂಟಿನ ಮೇಲೆ. ರಾತ್ರಿ ಹತ್ತಕ್ಕೆ ಹೋದ ಕರೆಂಟು ಬೆಳಗಿನ ಫಜ್ರ್ ಹೊತ್ತಿಗೂ ಬರಲಿಲ್ಲವೆಂದರೆ ಪೆಟ್ಟಿಗೆಯೊಳಗಿನ ಆಫ್ರಿಕಾ, ಆಸ್ಟ್ರೇಲಿಯಗಳೆಲ್ಲ ಒಂದೇ ರಾತ್ರಿಯಲ್ಲಿ ತಣ್ಣಗಾಗುತ್ತವೆ.

ಒಂದಕ್ಕೆ ಏನೂ ಮಾಡದ ರೋಗ, ಇನ್ನೊಂದಕ್ಕೆ ಸಾವು

ಹವೆಯಾದರೂ ಕಣ್ಣಿಗೆ, ಮೈಗೆ ಗೊತ್ತಾಗುತ್ತದೆ. ರೋಗಾಣು ಗೊತ್ತಾಗುವುದಿಲ್ಲ. ಆಮೆಗಳ ಕರುಳಿನಲ್ಲಿ ಒಂದು ಬಗೆಯ ಅಮೀಬಾ ವಾಸಿಸುತ್ತದೆ. ಆಮೆಗೆ ಅದರಿಂದ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ. ಅದೇ ಅಮೀಬಾ ಆಮೆಯ ಹಿಕ್ಕೆಯಿಂದ ನೀರಿಗೆ, ನೀರಿನಿಂದ ಹಾವಿನ ಹೊಟ್ಟೆಗೆ ಹೋದರೆ ಕರುಳನ್ನೇ ಹುಣ್ಣಾಗಿಸಿ ಹಾವನ್ನು ಕೊಲ್ಲುತ್ತದೆ. ಆಮೆ-ಆಮೆಗಳ ನಡುವೆಯೂ ಹೀಗೇ. ಮೆಡಿಟರೇನಿಯನ್ ತೀರದ ಒಂದು ಜಾತಿಯ ಆಮೆ ಹರ್ಪಿಸ್ ವೈರಸ್ಸನ್ನು ಹೊತ್ತು ಆರಾಮವಾಗಿರುತ್ತದೆ. ಅದರ ಪಕ್ಕದಲ್ಲಿಟ್ಟ ಇನ್ನೊಂದು ಜಾತಿಯ ಆಮೆ ಅದೇ ವೈರಸ್ಸಿನಿಂದ ಸಾಯುತ್ತದೆ. ಕಿತ್ತಳೆ ಹೊಟ್ಟೆಯ ಚೀನಾ ಕಪ್ಪೆಯೊಂದಿದೆ. ಅದು ಚರ್ಮದಿಂದಲೇ ವಿಷ ಒಸರುತ್ತದೆ. ಅದರೊಂದಿಗೆ ಒಂದೇ ನೀರಿನಲ್ಲಿ ಬಿಟ್ಟ ಬೇರೆ ಕಪ್ಪೆಗಳು ಉಳಿಯುವುದು ಕಷ್ಟ.

ಹಾವು, ಕಪ್ಪೆ ನಮಗೆ ಬೇಡವೇ ಬೇಡ, ನಮ್ಮಲ್ಲಿರುವುದು ಮೊಲ ಮತ್ತು ಗಿನಿಪಿಗ್ ಎನ್ನುವ ಮನೆಗಳು ಹೆಚ್ಚು. (ಹೆಸರಿನಲ್ಲಿ ‘ಪಿಗ್’ ಎಂದಿರುವುದನ್ನು ಕೇಳಿ ನಮ್ಮ ಅಜ್ಜಿಯಂದಿರು ಬೆಚ್ಚಿಬೀಳುವುದುಂಟು. ಇದಕ್ಕೂ ಹಂದಿಗೂ ಯಾವ ಸಂಬಂಧವೂ ಇಲ್ಲ. ಇದು ಇಲಿ, ಅಳಿಲುಗಳ ಬಳಗಕ್ಕೆ ಸೇರಿದ, ದಕ್ಷಿಣ ಅಮೆರಿಕದ ಪ್ರಾಣಿ.) ಎರಡೂ ಸೊಪ್ಪು ತಿನ್ನುವ ಸಾಧು ಪ್ರಾಣಿಗಳು, ಒಂದೇ ಗೂಡಿನಲ್ಲಿಟ್ಟರೆ ಏನಾದೀತು ಎಂದೇ ಎಲ್ಲರೂ ತಿಳಿಯುತ್ತಾರೆ. ಮೊಲದ ಮೂಗು, ಗಂಟಲಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾ ಮೊಲಕ್ಕೆ ಹೆಚ್ಚೇನೂ ಮಾಡದು, ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ. ಮೊಲದ ಹಿಂಗಾಲಿನ ಒಂದು ಒದೆತ ಸಾಕು ಗಿನಿಪಿಗ್‌ನ ಮೂಳೆ ಮುರಿಯಲು. ಆಹಾರವೂ ಬೇರೆ. ಗಿನಿಪಿಗ್ ನಮ್ಮಂತೆಯೇ ತನ್ನ ಮೈಯಲ್ಲಿ ‘ಸಿ’ ವಿಟಮಿನ್ ತಯಾರಿಸಲಾರದು, ಅದಕ್ಕೆ ದಿನವೂ ದಪ್ಪ ಮೆಣಸಿನಕಾಯಿ, ಸೊಪ್ಪಿನಂಥ ತಾಜಾ ತರಕಾರಿ ಬೇಕು. ಮೊಲದ ಆಹಾರವನ್ನಷ್ಟೇ ಹಾಕುತ್ತಾ ಬಂದರೆ ಅದು ಸ್ಕರ್ವಿಯಿಂದ ಕುಸಿಯುತ್ತದೆ.

ರೋಗ ಜಾತಿಯಿಂದ ಜಾತಿಗೆ ಹಾರುವುದು ಎಷ್ಟು ಸುಲಭ ಎಂಬುದಕ್ಕೆ ನಮ್ಮ ಮಗ್ಗುಲಲ್ಲೇ ಉದಾಹರಣೆಯಿದೆ. 2023ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಒಂದರ ಹಿಂದೆ ಒಂದರಂತೆ ಸತ್ತವು. ಕಾರಣ ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೇನಿಯಾ ಎಂಬ ವೈರಸ್ ರೋಗ. ಆ ಮರಿಗಳಿಗೆ ಲಸಿಕೆಯೂ ಆಗಿತ್ತು. ಪಶುವೈದ್ಯರು, ಸಿಬ್ಬಂದಿ, ಪ್ರತ್ಯೇಕ ಆವರಣ ಎಲ್ಲವೂ ಇರುವ ಜಾಗದಲ್ಲೇ ಹೀಗಾದರೆ, ಟಿವಿ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಏನಾದೀತೆಂದು ಯೋಚಿಸಿ ನೋಡಿ.

ಮನೆಯ ತಾಯಂದಿರು ಮುಖ್ಯವಾಗಿ ಗಮನಿಸಬೇಕಾದದ್ದು ಮಕ್ಕಳ ಆರೋಗ್ಯ. ಆಮೆ, ಹಲ್ಲಿ, ಹಾವುಗಳು ತಾವು ಆರೋಗ್ಯವಾಗಿದ್ದರೂ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಹೊರಹಾಕುತ್ತಿರುತ್ತವೆ. ಚಿಕ್ಕ ಮಕ್ಕಳು ಆಮೆಮರಿಯನ್ನು ಮುಟ್ಟಿ, ಮುದ್ದಿಸಿ ಅದೇ ಕೈಯನ್ನು ಬಾಯಿಗಿಡುತ್ತಾರೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸಾಮೂಹಿಕವಾಗಿ ಕಾಯಿಲೆ ಬಿದ್ದ ಕಾರಣಕ್ಕೆ 1975ರಲ್ಲಿಯೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿದರು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು ಇರುವ ಮನೆಗೆ ಇಂಥ ಜೀವಿಗಳು ತಕ್ಕವಲ್ಲ ಎಂದೇ ವೈದ್ಯರು ಹೇಳುತ್ತಾರೆ. ಪೆಟ್ಟಿಗೆಯ ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವ ಅಭ್ಯಾಸವಂತೂ ಕೂಡದು.

“ಏನೂ ಆಗಲ್ಲ ಭಾಯ್”

ಅಂಗಡಿಯವರನ್ನು ಕೇಳಿದರೆ ಸಿಗುವ ಉತ್ತರ ಬೇರೆಯೇ. ಇಂಥದೊಂದು ಅಂಗಡಿಯಲ್ಲಿ ಒಬ್ಬ ತಂದೆ ಮಗನ ಕೈಹಿಡಿದು ನಿಂತಿದ್ದರು. ಆಮೆ ಮತ್ತು ಬಣ್ಣದ ಮೀನು ಒಂದೇ ತೊಟ್ಟಿಯಲ್ಲಿರಬಹುದೇ ಎಂದು ಕೇಳಿದರು. “ಏನೂ ಆಗಲ್ಲ ಭಾಯ್, ಜೊತೆಗೇ ಇರ್ತವೆ” ಎಂದು ಅಂಗಡಿಯಾತ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ. ಜೊತೆಗೇ ಇರುತ್ತವೆ, ನಿಜ. ಆಮೆಗೆ ಹಸಿವಾಗುವವರೆಗೆ. ಕೆಂಪುಕಿವಿಯ ಆಮೆಗೆ ಮೀನು ಊಟವೇ.

ಕಚ್ಚಾಟ ಕಣ್ಣಿಗೆ ಕಾಣುವ ಜಗಳ. ಕಾಣದ ಜಗಳವೂ ಇದೆ. ಗೋಸುಂಬೆಯನ್ನೇ ನೋಡಿ. ಇನ್ನೊಂದು ಗೋಸುಂಬೆ ಬರೀ ಕಣ್ಣೆದುರಿಗಿದ್ದರೂ ಅದು ಬಣ್ಣ ಕಪ್ಪಾಗಿಸಿಕೊಂಡು ಊಟ ಬಿಡುತ್ತದೆ. ಒಂದು ಹಲ್ಲಿ ಇನ್ನೊಂದರ ಮೈಮೇಲೆ ಮಲಗಿರುವುದನ್ನು ಕಂಡು “ಎಷ್ಟು ಪ್ರೀತಿ ನೋಡಿ” ಎನ್ನುತ್ತೇವೆ. ವಾಸ್ತವದಲ್ಲಿ ಬಲವಾದದ್ದು ಬಿಸಿಯ ಜಾಗವನ್ನು ಆಕ್ರಮಿಸಿಕೊಂಡು ಬಡವನ್ನು ಕೆಳಗೆ ತಳ್ಳಿರುತ್ತದೆ. ಕಾಡಿನಲ್ಲಾದರೆ ಬಡ ಜೀವಿ ಬೇರೆ ಮರಕ್ಕೆ ಓಡಿಹೋಗುತ್ತಿತ್ತು. ಗಾಜಿನ ಪೆಟ್ಟಿಗೆಗೆ ನಾಲ್ಕು ಗೋಡೆ.

ಪ್ರಾಣಿಗಳನ್ನು ಒಂದಕ್ಕೊಂದು ಛೂ ಬಿಟ್ಟು ಕಾದಾಡಿಸುವುದನ್ನು ಪ್ರವಾದಿ(ಸ)ರು ನಿಷೇಧಿಸಿದ ವರದಿ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಅದನ್ನು ಓದುವಾಗ ಕೋಳಿ ಅಂಕ, ಟಗರು ಕಾಳಗಗಳು ನೆನಪಾಗುತ್ತವೆ. ಆದರೆ ಪರಸ್ಪರ ಶತ್ರುಗಳಾದ ಜೀವಿಗಳನ್ನು ತಪ್ಪಿಸಿಕೊಳ್ಳಲಾಗದ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಏನಾಗುತ್ತದೋ ನೋಡೋಣ ಎಂದು ಸುತ್ತ ಕೂರುವುದು ಅದಕ್ಕಿಂತ ಎಷ್ಟು ದೂರ? ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ಹೊರಗೆ ಹೋಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಿ ಬೆಕ್ಕನ್ನು ಇಟ್ಟುಕೊಂಡದ್ದು ಅಪರಾಧವಲ್ಲ, ಅದರ ಹಕ್ಕನ್ನು ಎರಡೂ ಕಡೆಯಿಂದ ಮುಚ್ಚಿದ್ದು ಅಪರಾಧ.

ಹಾಗೆಂದು ಇಸ್ಲಾಮ್ ಮಕ್ಕಳ ಸಂತೋಷಕ್ಕೆ ಅಡ್ಡ ಬರುವುದಿಲ್ಲ. ಹಝ್ರತ್ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯನ್ನು ಸಾಕಿದ್ದ. ಅದು ಸತ್ತಾಗ ಪ್ರವಾದಿ(ಸ)ರು ಆ ಮಗುವಿನ ಬಳಿ ಹಕ್ಕಿಯ ಬಗ್ಗೆ ಪ್ರೀತಿಯಿಂದ ವಿಚಾರಿಸುತ್ತಿದ್ದರು. ಈ ಪುಟ್ಟ ಹದೀಸ್‌ನಿಂದ ಅರವತ್ತರಷ್ಟು ಪಾಠಗಳನ್ನು ಹೆಕ್ಕಿ ಹಿಜರಿ ನಾಲ್ಕನೇ ಶತಮಾನದ ಶಾಫಿಈ ವಿದ್ವಾಂಸ ಇಬ್ನುಲ್ ಕಾಸ್ ಒಂದು ಪುಸ್ತಿಕೆಯನ್ನೇ ಬರೆದಿದ್ದಾರೆ. ಪಾಲನೆ ಸರಿಯಾಗಿದ್ದರೆ ಹಕ್ಕಿ ಸಾಕಬಹುದೆಂದು ವಿದ್ವಾಂಸರು ಹೇಳುವುದೂ ಇದೇ ಹದೀಸ್‌ನ ಆಧಾರದಲ್ಲಿ. ಹಾವಿನಂಥ ಅಪಾಯಕಾರಿ ಜೀವಿಗಳನ್ನು ಮನೆಯಲ್ಲಿಡುವುದನ್ನು ಮಾತ್ರ ಅನೇಕರು ಒಪ್ಪುವುದಿಲ್ಲ. ಇನ್ನೊಂದು ಪ್ರಸಂಗದಲ್ಲಿ, ಪ್ರಯಾಣದ ನಡುವೆ ಸಹಾಬಿಗಳು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಹಾರಾಡತೊಡಗಿತು. ಮರಿಗಳನ್ನು ಹಿಂದಿರುಗಿಸುವಂತೆ ಪ್ರವಾದಿ(ಸ)ರು ಆಜ್ಞಾಪಿಸಿದರು. ನೆಲದ ಪ್ರಾಣಿಗಳೂ ರೆಕ್ಕೆಯ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂದು ಪವಿತ್ರ ಕುರ್‌ಆನ್‌ನ ಅಲ್ ಅನ್‌ಆಮ್ ಅಧ್ಯಾಯದ 38ನೇ ಸೂಕ್ತ ತಿಳಿಸುತ್ತದೆ. ಪ್ರತಿ ಸಮುದಾಯಕ್ಕೂ ಅದರದೇ ನೆಲ, ನೀರು, ರೀತಿ ನೀತಿ ಇರುವುದನ್ನು ಪ್ರಾಣಿಶಾಸ್ತ್ರವೂ ತೋರಿಸಿಕೊಡುತ್ತದೆ.

ಸೂಟ್‌ಕೇಸಿನಲ್ಲಿ ಬಂದ ಅತಿಥಿಗಳು

ಇಷ್ಟಕ್ಕೂ ಈ ಜೀವಿಗಳು ಬೆಂಗಳೂರಿಗೆ ಬರುವುದು ಎಲ್ಲಿಂದ? ಕೆಲವನ್ನು ಇಲ್ಲಿಯೇ ಮರಿ ಮಾಡಿಸುತ್ತಾರೆ. ಉಳಿದವುಗಳ ಕತೆ ಕರುಳು ಹಿಂಡುವಂಥದು.

2023ರ ಜನವರಿಯಲ್ಲಿ ಬ್ಯಾಂಕಾಕ್‌ನಿಂದ ಬಂದಿಳಿದ ಪ್ರಯಾಣಿಕರ ಬಳಿ ಕೋತಿಗಳೂ ಸರೀಸೃಪಗಳೂ ಸೇರಿ 18 ಜೀವಿಗಳು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವು. ಅದರ ಜಾಡು ಹಿಡಿದ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಬೆಂಗಳೂರಿನ ಹೊರವಲಯದ ತೋಟದ ಮನೆಯೊಂದಕ್ಕೆ ದಾಳಿಯಿಟ್ಟಾಗ ಇನ್ನೂ 139 ಜೀವಿಗಳು ಸಿಕ್ಕಿದವು. ಒಟ್ಟು 48 ಜಾತಿಗಳು. ಅನಕೊಂಡ, ಇಗುವಾನಾ, ಬಾಲ್ ಪೈಥಾನ್, ಗೋಸುಂಬೆ, ಆಮೆ, ವಿದೇಶಿ ಗಿಣಿಗಳೆಲ್ಲ ಅದರಲ್ಲಿದ್ದವು. ಅವುಗಳನ್ನು ಒಪ್ಪಿಸಿದ್ದು ಬನ್ನೇರುಘಟ್ಟದ ಉದ್ಯಾನಕ್ಕೆ. ಅದೇ ವರ್ಷದ ಆಗಸ್ಟಿನಲ್ಲಿ ಮತ್ತೊಬ್ಬ ಪ್ರಯಾಣಿಕನ ಚೀಲಗಳಲ್ಲಿ 234 ಜೀವಿಗಳು ಸಿಕ್ಕಿದವು. ಅದರಲ್ಲಿದ್ದ ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು. ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಆರು ಕ್ಯಾಪುಚಿನ್ ಕೋತಿಗಳು. ಹಾವುಗಳು ಬದುಕಿದ್ದವು, ಆರೂ ಕೋತಿಗಳು ಸತ್ತಿದ್ದವು. ಕಾಳಿಂಗದ ಮುಖ್ಯ ಆಹಾರವೇ ಬೇರೆ ಹಾವುಗಳು ಎಂಬುದನ್ನು ನೆನಪಿಟ್ಟು ಈ ಲಗೇಜಿನ ಪಟ್ಟಿಯನ್ನು ಮತ್ತೊಮ್ಮೆ ಓದಿ.

ಸೂಟ್‌ಕೇಸಿನಲ್ಲಿ ಸತ್ತವುಗಳ ಬೆಲೆಯನ್ನು ಬದುಕಿ ಉಳಿದವುಗಳ ಮೇಲೆ ಹೇರುತ್ತಾರೆ. ಕೊಳ್ಳುವವರು ಅದನ್ನೂ ಸೇರಿಸಿಯೇ ಕೊಡುತ್ತಾರೆ.

ಕಾನೂನು ಈಗ ಬಿಗಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತಾರಾಷ್ಟ್ರೀಯ ಒಪ್ಪಂದದಡಿ ರಕ್ಷಣೆ ಪಡೆದ ವಿದೇಶಿ ಜೀವಿಗಳಿಗೂ ಈಗ ಕಾಯ್ದೆಯಲ್ಲಿ ಜಾಗವಿದೆ. 2024ರ ಫೆಬ್ರವರಿಯ ನಿಯಮಗಳಂತೆ ಇಂಥ ಜೀವಿಗಳನ್ನು ಹೊಂದಿದವರು ಆರು ತಿಂಗಳೊಳಗೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು, ಆಮೇಲೆ ಪಡೆದವರು 30 ದಿನಗಳೊಳಗೆ. ಬಾಲ್ ಪೈಥಾನ್, ಇಗುವಾನಾ, ಆಫ್ರಿಕಾದ ಬೂದು ಗಿಣಿ ಈ ಪಟ್ಟಿಯಲ್ಲಿವೆ. ನಾವು ಸಾಮಾನ್ಯವಾಗಿ ಲವ್‌ಬರ್ಡ್ಸ್ ಎನ್ನುವ ಬಡ್ಜಿ ಹಕ್ಕಿ ಮತ್ತು ಕೊಕಟೀಲ್ ಅದರಲ್ಲಿಲ್ಲ. ನಮ್ಮ ನಾಡಿನ ಹಸಿರು ಗಿಣಿಯನ್ನೂ ‘ಅದೃಷ್ಟದ’ ನಕ್ಷತ್ರ ಆಮೆಯನ್ನೂ ಸಾಕುವಂತೆಯೇ ಇಲ್ಲ. ನಕ್ಷತ್ರ ಆಮೆ ಈಗ ಮೊದಲನೇ ಅನುಸೂಚಿಯಲ್ಲಿದೆ. ಆ ಅಪರಾಧಕ್ಕೆ ಕನಿಷ್ಠ ಮೂರು ವರ್ಷ ಜೈಲು. ಅದೃಷ್ಟ ಅಲ್ಲಾಹನ ಕೈಯಲ್ಲಿದೆಯೇ ಹೊರತು ಆಮೆಯ ಚಿಪ್ಪಿನಲ್ಲಿಲ್ಲ ಎಂದು ನಂಬಿದ ಮನೆಗಳಲ್ಲೂ ಅದು ಸಿಗುವುದು ಸೋಜಿಗ.

ಹಾಗಾದರೆ ಯಾವುದು ಕೂಡಿ ಬಾಳುತ್ತದೆ?

ಮೃಗಾಲಯಗಳಲ್ಲಿ ಬೇರೆ ಬೇರೆ ಜಾತಿಗಳನ್ನು ಒಂದೇ ಆವರಣದಲ್ಲಿ ಇಡುವುದಿಲ್ಲವೇ ಎಂದು ಕೇಳಬಹುದು. ಇಡುತ್ತಾರೆ. ಬನ್ನೇರುಘಟ್ಟದ ಸಸ್ಯಾಹಾರಿ ಪ್ರಾಣಿಗಳ ಸಫಾರಿಯಲ್ಲಿ ಜಿಂಕೆ, ಕಡವೆಗಳು ಜೊತೆಗೇ ಮೇಯುತ್ತವೆ. ಅಲ್ಲಿ ಎಕರೆಗಟ್ಟಲೆ ಜಾಗವಿದೆ. ಬೇಡವೆನಿಸಿದರೆ ದೂರ ಹೋಗಬಹುದು. ಎಲ್ಲವೂ ಒಂದೇ ಹವೆಯಲ್ಲಿ ಬೆಳೆದವು. ಮನೆಯಲ್ಲಿ ಇದನ್ನು ಅನುಸರಿಸಬಹುದಾದ ಜಾಗ ಒಂದೇ, ಮೀನಿನ ತೊಟ್ಟಿ. ಗಪ್ಪಿ, ಪ್ಲಾಟಿ, ಮೋಲಿ ಮೀನುಗಳು ಸಾಧು, ಅವುಗಳಿಗೆ ಬೇಕಾದ ನೀರೂ ಹೆಚ್ಚು ಕಡಿಮೆ ಒಂದೇ. ಗೋಲ್ಡ್‌ಫಿಶ್ ಮಾತ್ರ ಬೇರೆ ಇರಲಿ, ಅದಕ್ಕೆ ತಣ್ಣನೆಯ ನೀರು ಹಿತ, ಗಲೀಜೂ ಹೆಚ್ಚು. ಫೈಟರ್ ಮೀನಿನ ಗಂಡನ್ನು ಇನ್ನೊಂದು ಗಂಡಿನ ಜೊತೆ ಬಿಟ್ಟರೆ ಒಂದು ಉಳಿಯುವುದಿಲ್ಲ. ಗಪ್ಪಿಯ ಅಗಲವಾದ ಬಾಲವನ್ನು ಕಂಡರೂ ಅದು ಎದುರಾಳಿಯೆಂದು ತಿಳಿದು ಮೇಲೆ ಬೀಳುವುದುಂಟು.

ಹಕ್ಕಿಗಳಲ್ಲಿ ಬಡ್ಜಿ ಮತ್ತು ಕೊಕಟೀಲ್ ದೊಡ್ಡ ಪಂಜರದಲ್ಲಿ ಹೊಂದಿಕೊಳ್ಳುವುದುಂಟು. ಎರಡೂ ಆಸ್ಟ್ರೇಲಿಯದವೇ. ನಿಜವಾದ ಲವ್‌ಬರ್ಡ್ ಆಫ್ರಿಕಾದ ಜಗಳಗಂಟಿ. ಹೆಸರು ಮಾತ್ರ ಪ್ರೀತಿಯದು, ಪಕ್ಕದ ಹಕ್ಕಿಯ ಕಾಲ್ಬೆರಳನ್ನೇ ಕಚ್ಚಿ ತುಂಡರಿಸುತ್ತದೆ. ಜಿಗಣಿಯ ಧೂಳಿನ ಕಡೆಯ ಮನೆಗಳಲ್ಲಿ ಪಂಜರವನ್ನು ರಸ್ತೆಯ ಕಿಟಕಿಗೆ ತೂಗುಹಾಕಬಾರದು. ಹಕ್ಕಿಯ ಶ್ವಾಸಾಂಗ ಬಹಳ ಸೂಕ್ಷ್ಮ. ಅಡುಗೆಮನೆಯಂತೂ ಬೇಡವೇ ಬೇಡ. ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು.

ಗಾಜಿನ ಪೆಟ್ಟಿಗೆಯ ಆಸೆ ಬಿಡದಿದ್ದರೆ ಡಾ. ವಾರ್ಡ್‌ನಂತೆ ಜರಿಗಿಡ, ಪಾಚಿ ನೆಡಿ. ಮಕ್ಕಳು ನೀರು ಗಾಜಿಗೇರಿ ಇಳಿಯುವುದನ್ನು ನೋಡಲಿ. ತೇವದ ಮಣ್ಣಿನಲ್ಲಿ ಕೊಳೆತ ಎಲೆ ತಿಂದು ಬದುಕುವ ಪುಟ್ಟ ಹುಳುಗಳು ತಾವಾಗಿ ಸೇರಿಕೊಳ್ಳುತ್ತವೆ. ಬೇರೆ ಬೇರೆ ಜಾತಿಯವು ಒಟ್ಟಿಗಿದ್ದರೂ ಅವುಗಳಲ್ಲಿ ಜಗಳವಿಲ್ಲ.

ಈಗಾಗಲೇ ಮನೆಯಲ್ಲಿ ಮಿಶ್ರ ಪೆಟ್ಟಿಗೆ ಇದ್ದವರು ಮೊದಲು ಮಾಡಬೇಕಾದದ್ದು ಜೀವಿಗಳನ್ನು ಬೇರ್ಪಡಿಸುವುದು. ಪ್ರತ್ಯೇಕ ಪೆಟ್ಟಿಗೆ, ಪ್ರತ್ಯೇಕ ನೀರಿನ ಬಟ್ಟಲು, ಒಂದನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆದು ಇನ್ನೊಂದು. ಹೊಸದಾಗಿ ತಂದದ್ದನ್ನು ಕನಿಷ್ಠ ಒಂದು ತಿಂಗಳು, ಹಾವಾದರೆ ಮೂರು ತಿಂಗಳು, ಬೇರೆ ಕೋಣೆಯಲ್ಲಿಡಬೇಕು. ಅಂಗಡಿಯಿಂದ ರಸೀದಿ ಕೇಳಿ ಪಡೆಯಿರಿ. 2018ರ ನಿಯಮಗಳಂತೆ ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತವಾಗಿರಬೇಕು. ಸಾಕಲಾಗದು ಎನಿಸಿದಾಗ ಕತ್ತಲಾದ ಮೇಲೆ ಕೆರೆಗೆ ಬಿಟ್ಟುಬರುವ ಉಪಾಯ ಅನೇಕರದ್ದು, ಪುಣ್ಯವೆಂದೇ ತಿಳಿದು ಬಿಡುವವರೂ ಇದ್ದಾರೆ. ಕೆಂಪುಕಿವಿಯ ಆಮೆ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೆರೆಗಿಳಿದರೆ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಕಲ್ಲನ್ನೂ ಕಸಿದುಕೊಳ್ಳುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅದನ್ನು ಕೆರೆಗೆ ಬಿಡುವ ಬದಲು ಅರಣ್ಯ ಇಲಾಖೆಯವರನ್ನೋ ಪ್ರಾಣಿ ರಕ್ಷಣಾ ಸಂಸ್ಥೆಯವರನ್ನೋ ವಿಚಾರಿಸಿ ಒಪ್ಪಿಸಿ, ಅಲ್ಲಿಯವರೆಗೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಅರ್ಧ ನೀರು, ಹತ್ತಿ ಕೂರಲು ಒಂದು ಕಲ್ಲು, ಬೆಳಗಿನ ಬಿಸಿಲು ಬೀಳುವ ಜಾಗ ಇಷ್ಟು ಮಾಡಿಕೊಟ್ಟರೆ ಸಾಕು.